ಅರ್ಬುದ ಸಂಶೋಧನೆಯೂ ತರುಣರ ಸಮ್ಮೇಳನಗಳೂ

ಅರ್ಬುದರೋಗವು, ಅಂದರೆ ಕ್ಯಾನ್ಸರು, ಒಂದೇ ಜೀನಿನ ಕೆಡುಕಿನಿಂದ ಉಂಟಾಗುವುದು ವಿರಳ. ಜೀವಕೋಶದೊಳಗೆ ಸಾವಿರಾರು ಜೀನುಗಳು ಒಂದನ್ನೊಂದು ಪ್ರೇರಿಸುತ್ತಲೂ ತಡೆಯುತ್ತಲೂ ಇರುವುವು. ಆ ಬಲೆಯನ್ನು ಗಣಿತದ ನೆರವಿನಿಂದ ಸಮಗ್ರವಾಗಿ ಅರಿಯುವ ಶಾಸ್ತ್ರವೇ ವ್ಯವಸ್ಥಾ ಜೀವವಿಜ್ಞಾನ.

ಒಂದು ಉದಾಹರಣೆಯನ್ನು ನೋಡೋಣ. ಜೆಬ್ ಎಂಬ ಪ್ರೋಟೀನು ಕೋಶವನ್ನು ನೆರೆಕೋಶಗಳಿಂದ ಬಿಡಿಸಿ ಅಲೆಮಾರಿಯಾಗಿಸುವುದು. ಮಿರ್-200 ಎಂಬ ಕಿರು ಆರ್.ಎನ್.ಎ. ಗುಂಪು ಜೆಬ್ಬನ್ನು ಅಡಗಿಸುವುದು. ಜೆಬ್ಬೂ ಮಿರ್-200ನ್ನು ಅಡಗಿಸುವುದು. ಈ ಹಗ್ಗಜಗ್ಗಾಟದಲ್ಲಿ ಇಬ್ಬರಲ್ಲೊಬ್ಬರು ಗೆಲ್ಲಲೇಬೇಕೆಂದು ನಾವೆಣಿಸುವೆವು. ಆದರೆ ಸಮೀಕರಣಗಳನ್ನು ಬಿಡಿಸಿದಾಗ ನಡುವಣ ಸ್ಥಿತಿಯೊಂದೂ ಸಾಧ್ಯವೆಂದು ಕಂಡಿತು. ಅಂತಹ ಕೋಶಗಳು ಗುಂಪುಗೂಡಿಯೇ ಸಂಚರಿಸಬಲ್ಲವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೋಹಿತ್ ಕುಮಾರ್ ಜಾಲಿಯವರ ತಂಡವು ಇದನ್ನು ಅಭ್ಯಸಿಸುತ್ತಿದೆ.

ಇಂತಹ ಕೆಲಸಕ್ಕೆ ವೈದ್ಯರೂ ಬೇಕು, ಗಣಿತಜ್ಞರೂ ಬೇಕು. ನಮ್ಮ ದೆಹಲಿಯಲ್ಲೂ ಅದರ ಆಸುಪಾಸಿನಲ್ಲೂ ನೋಡಿರಿ: ರೋಗಿಗಳಿರುವುದು 1956ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ, ಗಣಕ ಜೀವಶಾಸ್ತ್ರಜ್ಞರು ಓಖ್ಲಾದ ಇಂದ್ರಪ್ರಸ್ಥ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ, ಕ್ಯಾನ್ಸರ್ ತಡೆಯ ರಾಷ್ಟ್ರೀಯ ಸಂಸ್ಥೆ ನೋಯ್ಡಾದಲ್ಲಿ. ಇವರನ್ನೆಲ್ಲ ಒಂದೆಡೆ ಕೂಡಿಸುವುದು ಸಮ್ಮೇಳನ. ಅಲ್ಲಿ ಹಿರಿಯರ ಉಪನ್ಯಾಸಕ್ಕಿಂತ ಭಿತ್ತಿಪತ್ರಗಳ ಹೊತ್ತೇ ಹೆಚ್ಚು ಫಲಕಾರಿಯೆಂದು ನನ್ನೆಣಿಕೆ. ತರುಣ ಸಂಶೋಧಕಿ ತನ್ನ ಪಟದ ಬಳಿ ನಿಂತಿರುವಳು, ವೈದ್ಯರೊಬ್ಬರು ಬಂದು, “ಈ ಸಮೀಕರಣದಲ್ಲಿ ಔಷಧದ ಪ್ರಮಾಣವೆಲ್ಲಿ?” ಎಂದು ಕೇಳಿದರೆ ಸಾಕು, ತಿಂಗಳುಗಳ ವ್ಯರ್ಥ ದುಡಿಮೆ ತಪ್ಪೀತು.

ಆದರೆ ನೋಂದಣಿ ಶುಲ್ಕವೂ ಪ್ರಯಾಣದ ವೆಚ್ಚವೂ ವಿದ್ಯಾರ್ಥಿವೇತನದಲ್ಲಿ ಬದುಕುವವರಿಗೆ ಎಟುಕವು. 2009ರಲ್ಲಿ ಆರಂಭವಾದ ತರುಣ ಸಂಶೋಧಕರ ಸಮ್ಮೇಳನದಲ್ಲಿ ಹೊಸದಾಗಿ ಪ್ರಯೋಗಾಲಯ ತೆರೆದವರು ಹಿರಿಯರೊಡನೆ ಕುಳಿತು ಮಾತನಾಡುವರು. ವಿದೇಶದ ಸಮ್ಮೇಳನಗಳಿಗೆ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯಂತಹವು ಪ್ರಯಾಣಧನ ನೀಡುವುವು. ಅದಕ್ಕೆ ಪ್ರಬಂಧದ ಸಾರಾಂಶವು ಮೊದಲೇ ಅಂಗೀಕೃತವಾಗಿರಬೇಕು.