ಇಟಾಚಿಯ ಮಾತು ನಿಂತಾಗ: ಕಂಟ್ರೋಲರ್ ಬದಲಿಸುವ ಮುನ್ನ

ಪರಶುರಾಂಪುರದ ಸುತ್ತಮುತ್ತ ಮಳೆ ಕಡಿಮೆ. ಹಾಗಾಗಿ ನೀರು ಹಿಡಿದಿಡುವ ಕೆಲಸ ಇಲ್ಲಿ ಮುಗಿಯುವುದೇ ಇಲ್ಲ. ಕೆರೆಯ ಹೂಳೆತ್ತಬೇಕು, ಹೊಲದಲ್ಲಿ ಕೃಷಿ ಹೊಂಡ ತೋಡಬೇಕು, ಬದು ಹಾಕಬೇಕು. ಇದಕ್ಕೆಲ್ಲ ಬರುವ ಚೈನ್ ಗಾಡಿಯನ್ನು, ಕಂಪನಿ ಯಾವುದೇ ಇರಲಿ, ನಾವು ಇಟಾಚಿ ಎಂದೇ ಕರೆಯುತ್ತೇವೆ. ಸಾಲ ಮಾಡಿ ಹಳೆಯ ಗಾಡಿ ಕೊಂಡವರಿಗೆ ಅದು ನಿಂತ ಒಂದೊಂದು ದಿನವೂ ನಷ್ಟವೇ. ಐಟಿಐ ಮುಗಿಸಿ ಈ ಕೆಲಸಕ್ಕೆ ಇಳಿಯುತ್ತಿರುವ ಹುಡುಗ ಹುಡುಗಿಯರಿಗಾಗಿ, ಸ್ವಂತ ಗಾಡಿ ಇಟ್ಟುಕೊಂಡ ಆಪರೇಟರುಗಳಿಗಾಗಿ ಈ ಪಾಠ.

ಹಳೆಯ ಕಾಲದ ಗಾಡಿಗಳಲ್ಲಿ ಎಕ್ಸಲರೇಟರಿನಿಂದ ಎಂಜಿನ್‌ವರೆಗೆ ಕೇಬಲ್ ಎಳೆದಿರುತ್ತಿತ್ತು. ಈಗಿನ ಗಾಡಿಗಳಲ್ಲಿ ಎಂಜಿನ್‌ಗೊಂದು ಕಂಟ್ರೋಲರ್, ಹೈಡ್ರಾಲಿಕ್ ಪಂಪಿನ ಲೆಕ್ಕ ನೋಡಲು ಇನ್ನೊಂದು, ಕ್ಯಾಬಿನ್ನಿನಲ್ಲಿ ಮಾನಿಟರ್. ಇವೆಲ್ಲ ಒಂದಕ್ಕೊಂದು ಸುತ್ತಿಕೊಂಡ ಎರಡು ತಂತಿಗಳ ಮೇಲೆ ಮಾತಾಡುತ್ತವೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಕಾರುಗಳಿಗಾಗಿ ಹೊರತಂದ ಈ ವ್ಯವಸ್ಥೆಗೆ ಕ್ಯಾನ್ ಎಂದು ಹೆಸರು. ಭಾರೀ ಗಾಡಿಗಳಲ್ಲಿ ಸಾಮಾನ್ಯವಾಗಿ ಜೆ1939 ಎಂಬ ನಿಯಮದ ಪ್ರಕಾರ ಇದು ನಡೆಯುತ್ತದೆ. ಒಂದು ತಂತಿ ಕ್ಯಾನ್ ಹೈ, ಇನ್ನೊಂದು ಕ್ಯಾನ್ ಲೋ.

ಊರ ಪಂಚಾಯಿತಿ ಕಟ್ಟೆಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕೇಳುವಂತೆ ಇಲ್ಲಿಯೂ ಒಂದು ಹೊತ್ತಿಗೆ ಒಂದೇ ಕಂಟ್ರೋಲರ್ ಮಾತಾಡುತ್ತದೆ, ಉಳಿದವು ಕೇಳಿಸಿಕೊಳ್ಳುತ್ತವೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಹೆಚ್ಚು ಜರೂರಿನ ಸುದ್ದಿ ಮುಂದೆ ಹೋಗುತ್ತದೆ, ಇನ್ನೊಂದು ಕಾಯುತ್ತದೆ. ಬರಬೇಕಾದ ಸುದ್ದಿ ಹೊತ್ತಿಗೆ ಬರದಿದ್ದರೆ ಕಾದು ಕೂತ ಕಂಟ್ರೋಲರ್ ಎರರ್ ಕೋಡ್ ಬರೆದಿಡುತ್ತದೆ.

ಈ ಪಾಠದ ತಿರುಳು ಇಲ್ಲೇ ಇದೆ. ಸಂಪರ್ಕದ ಕೋಡ್ ಎಂದರೆ ಒಂದು ದೂರು. ಯಾರಿಗೆ ಯಾರ ಮಾತು ಕೇಳಿಸಲಿಲ್ಲ ಎಂದಷ್ಟೇ ಅದು ಹೇಳುತ್ತದೆ, ಏಕೆ ಕೇಳಿಸಲಿಲ್ಲ ಎಂದು ಹೇಳುವುದಿಲ್ಲ. ಮಾನಿಟರಿನಲ್ಲಿ ಎಂಜಿನ್ ಕಂಟ್ರೋಲರಿನ ಹೆಸರು ಕಂಡ ಕೂಡಲೇ ಅದನ್ನೇ ಬದಲಿಸಿದರೆ ದೊಡ್ಡ ದುಡ್ಡು ಹೋಗುತ್ತದೆ, ಗಾಡಿ ಹಾಗೆಯೇ ನಿಂತಿರುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಒಂದು ಪಿನ್, ಒಂದು ಫ್ಯೂಸ್ ಅಥವಾ ಇಲಿ ಕಡಿದ ಒಂದು ತಂತಿ.

ಆದ್ದರಿಂದ ಕ್ರಮವಾಗಿ ಹೋಗೋಣ. ಮೊದಲು ಬಕೆಟ್ ನೆಲಕ್ಕೆ ಇಳಿಸಿ, ಲಾಕ್ ಲಿವರ್ ಹಾಕಿ. ಆಪರೇಟರನ್ನು ವಿಚಾರಿಸಿ: ಇತ್ತೀಚೆಗೆ ವೆಲ್ಡಿಂಗ್ ಆಗಿದೆಯೇ, ಜೋರು ನೀರು ಹಾಯಿಸಿ ತೊಳೆದಿರಾ, ಜಿಪಿಎಸ್ ಕೂರಿಸಿದಿರಾ, ಬ್ಯಾಟರಿ ಬದಲಿಸಿದಿರಾ? ಎಲ್ಲ ಕೋಡ್‌ಗಳನ್ನೂ ಬರೆದುಕೊಳ್ಳಿ, ಆಮೇಲೆ ಅಳಿಸಿ, ಗಾಡಿ ಚಾಲೂ ಮಾಡಿ. ಮತ್ತೆ ಬಂದವು ಮಾತ್ರ ಇವತ್ತಿನ ತೊಂದರೆ. ಉಳಿದವು ಹಳೆಯ ನೆನಪು.

ಎರಡನೆಯದು ವಿದ್ಯುತ್ತು. ಈ ಗಾಡಿಗಳಲ್ಲಿ ಹೆಚ್ಚಿನವು 24 ವೋಲ್ಟಿನವು. 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ ಸೇರಿರುತ್ತವೆ. ಟರ್ಮಿನಲ್ ಬಿಗಿಯಿದೆಯೇ, ಬಾಡಿ ಅರ್ಥ್ ತುಕ್ಕು ಹಿಡಿದಿದೆಯೇ, ಕಂಟ್ರೋಲರಿನ ಫ್ಯೂಸ್ ಸರಿಯಿದೆಯೇ ನೋಡಿ. ಸ್ಟಾರ್ಟ್ ಮಾಡುವ ಹೊತ್ತಿಗೆ ವೋಲ್ಟೇಜ್ ತೀರಾ ಕುಸಿದರೂ ಕಂಟ್ರೋಲರ್ ಒಂದು ಕ್ಷಣ ಮೌನವಾಗಿ ಕೋಡ್ ಬರುತ್ತದೆ.

ಮೂರನೆಯದು ಓಮ್ ಪರೀಕ್ಷೆ. ಕ್ಯಾನ್ ತಂತಿಯ ಎರಡು ಕೊನೆಗಳಲ್ಲಿ ತಲಾ 120 ಓಮ್‌ನ ರೆಸಿಸ್ಟರ್ ಇರುತ್ತದೆ. ಎರಡೂ ಸಮಾಂತರವಾಗಿರುವುದರಿಂದ ಒಟ್ಟು 60 ಓಮ್. ಕೀ ತೆಗೆದು, ಬ್ಯಾಟರಿ ಸ್ವಿಚ್ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಹೈ ಮತ್ತು ಲೋ ನಡುವೆ ಅಳೆಯಿರಿ. ದುಂಡನೆಯ ಒಂಬತ್ತು ಪಿನ್ನಿನ ಜೆ1939 ಸಾಕೆಟ್ ಇದ್ದರೆ ಸಿ ಪಿನ್ ಹೈ, ಡಿ ಪಿನ್ ಲೋ. ಬೇರೆ ಸಾಕೆಟ್ ಇದ್ದರೆ ಗಾಡಿಯ ವೈರಿಂಗ್ ನಕ್ಷೆ ನೋಡಿಯೇ ಕೈ ಹಾಕಿ.

ಸುಮಾರು 60 ಬಂದರೆ ಮುಖ್ಯ ತಂತಿ ಕೂಡಿಕೊಂಡಿದೆ. 120 ಬಂದರೆ ಒಂದು ರೆಸಿಸ್ಟರ್ ಹೋಗಿದೆ, ಇಲ್ಲವೇ ನಡುವೆ ತಂತಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡೂ ತಂತಿ ಎಲ್ಲೋ ತಾಗಿವೆ. 40ರ ಹತ್ತಿರ ಬಂದರೆ ಯಾರೋ ಹೆಚ್ಚುವರಿ ರೆಸಿಸ್ಟರ್ ಸೇರಿಸಿದ್ದಾರೆ. ಎರಡು ಎಚ್ಚರಿಕೆ ಇವೆ. ಕೆಲವು ಗಾಡಿಗಳಲ್ಲಿ ರೆಸಿಸ್ಟರ್ ಕಂಟ್ರೋಲರಿನ ಒಳಗೇ ಇರುತ್ತದೆ, ಅದನ್ನು ಕಳಚಿ ಅಳೆದರೆ 120 ಬರುವುದು ಸಹಜ. ಇನ್ನೊಂದು, 60 ಬಂದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ನಡುವಿನ ಒಂದು ಕಂಟ್ರೋಲರಿಗೆ ಹೋಗುವ ಕವಲು ತಂತಿ ಕಡಿದಿದ್ದರೂ ಮೀಟರ್ 60 ಎಂದೇ ತೋರಿಸುತ್ತದೆ.

ನಾಲ್ಕನೆಯದು ವೋಲ್ಟ್ ಪರೀಕ್ಷೆ. ಕೀ ಆನ್ ಮಾಡಿ, ಒಂದೊಂದು ತಂತಿಯನ್ನೂ ಅರ್ಥ್‌ಗೆ ಅಳೆಯಿರಿ. ಮಾತಿಲ್ಲದಾಗ ಎರಡೂ ಸುಮಾರು 2.5 ವೋಲ್ಟಿನಲ್ಲಿರುತ್ತವೆ. ಮಾತು ನಡೆಯುವಾಗ ಸಾಮಾನ್ಯ ಮೀಟರಿನಲ್ಲಿ ಹೈ ಅದಕ್ಕಿಂತ ತುಸು ಮೇಲೆ, ಲೋ ತುಸು ಕೆಳಗೆ ಕಾಣುತ್ತದೆ. ಒಂದು ತಂತಿ ಸೊನ್ನೆ ತೋರಿದರೆ ಬಾಡಿಗೆ ತಾಗಿರಬಹುದು. 24ರ ಹತ್ತಿರ ತೋರಿದರೆ ಬ್ಯಾಟರಿ ತಂತಿಗೆ ತಾಗಿದೆ.

ಈಗ ಕೋಡ್‌ಗಳ ಪಟ್ಟಿಗೆ ಮರಳಿ. ಎಲ್ಲರೂ ಒಬ್ಬನ ಮೇಲೆಯೇ ದೂರು ಹೇಳುತ್ತಿದ್ದರೆ ಆ ಕಂಟ್ರೋಲರಿನ ಫ್ಯೂಸ್, ಅರ್ಥ್, ಕವಲು ತಂತಿ ನೋಡಿ. ಎಲ್ಲರೂ ಎಲ್ಲರ ಮೇಲೆ ದೂರು ಹೇಳುತ್ತಿದ್ದರೆ ಮುಖ್ಯ ತಂತಿಯಲ್ಲಿ ತೊಂದರೆ ಇದೆ. ಆಗ ಕೀ ಆಫ್ ಮಾಡಿ ಒಂದೊಂದೇ ಕನೆಕ್ಟರ್ ಕಳಚುತ್ತ ಮೀಟರ್ ನೋಡಿ. ಯಾವುದನ್ನು ಕಳಚಿದಾಗ ಶಾರ್ಟ್ ಹೋಯಿತೋ ಆ ಕಡೆ ಹುಡುಕಿ. ಬಂದು ಹೋಗುವ ತೊಂದರೆಯಾದರೆ ಮೀಟರ್ ಹಿಡಿದುಕೊಂಡೇ ಹಾರ್ನೆಸ್ಸನ್ನು, ಅಂದರೆ ತಂತಿಗಳ ಕಟ್ಟನ್ನು, ಗೇಣು ಗೇಣಾಗಿ ಅಲುಗಾಡಿಸಿ.

ನಮ್ಮ ಕಡೆಯ ಗಾಡಿಗಳಲ್ಲಿ ಮೊದಲು ನೋಡಬೇಕಾದ ಜಾಗಗಳಿವೆ. ಕೆಲಸವಿಲ್ಲದ ತಿಂಗಳುಗಳಲ್ಲಿ ನಿಂತ ಗಾಡಿಯೊಳಗೆ ಇಲಿ ಸೇರುತ್ತದೆ. ಸೀಟಿನ ಹಿಂದೆ, ಎಂಜಿನ್ ಪಕ್ಕದ ತಂತಿಗಳನ್ನು ಟಾರ್ಚ್ ಹಾಕಿ ನೋಡಿ. ಬಿಸಿಲಿಗೆ ತಂತಿಯ ಹೊದಿಕೆ ಬಿರುಕು ಬಿಟ್ಟಿರುತ್ತದೆ. ತೊಳೆದ ನೀರು ಕನೆಕ್ಟರಿನಲ್ಲಿ ನಿಂತು ಪಿನ್ ಹಸಿರುಗಟ್ಟಿರುತ್ತದೆ. ಬ್ಯಾಟರಿ ಕಳಚದೆ ಬಕೆಟ್ಟಿಗೆ ವೆಲ್ಡಿಂಗ್ ಮಾಡಿದ್ದರೆ ಕಂಟ್ರೋಲರ್ ನಿಜವಾಗಿಯೂ ಸುಟ್ಟಿರಬಹುದು. ತಂತಿ ಕೂಡಿಸುವಾಗ ಬರೀ ಟೇಪ್ ಸುತ್ತಬೇಡಿ. ಗಟ್ಟಿಯಾಗಿ ಜೋಡಿಸಿ, ನೀರು ಹೋಗದಂತೆ ಸ್ಲೀವ್ ಹಾಕಿ, ಎರಡು ತಂತಿಗಳನ್ನೂ ಮೊದಲಿನಂತೆ ಸುತ್ತಿ. ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುವುದು ಆ ಸುತ್ತೇ.

ಹಳೆಯ ಗಾಡಿ ಕೊಳ್ಳುವವರೂ ಇದನ್ನೇ ಮಾಡಬಹುದು. ಬಣ್ಣ ಬಳಿದದ್ದನ್ನು ನೋಡಿ ಮರುಳಾಗಬೇಡಿ. ಕೋಡ್‌ಗಳನ್ನು ಓದಿಸಿ, 60 ಓಮ್ ಇದೆಯೇ ಅಳೆಯಿಸಿ, ಗಾಡಿ ಚೆನ್ನಾಗಿ ಬಿಸಿಯಾಗುವವರೆಗೆ ಕೆಲಸ ಮಾಡಿಸಿ ಕೋಡ್ ಮತ್ತೆ ನೋಡಿ. ಬಾಗಿಲ ಹಿಂದೆ ಟೇಪ್ ಸುತ್ತಿದ ತಂತಿಗಳ ಗಂಟು ಕಂಡರೆ ಅದಕ್ಕೆ ತಕ್ಕಂತೆ ಬೆಲೆ ಮಾತಾಡಿ.

ಕಲಿಯುವವರಿಗೆ ಕೊನೆಯ ಮಾತು. ಕೆಟ್ಟ ಗಾಡಿ ಬರಲಿ ಎಂದು ಕಾಯಬೇಡಿ. ಚೆನ್ನಾಗಿ ನಡೆಯುತ್ತಿರುವ ಗಾಡಿಯ ಮಾಲೀಕರನ್ನು ಕೇಳಿ, ಅದರ ಓಮ್, ವೋಲ್ಟ್ ಎರಡನ್ನೂ ಅಳೆದು ಗಾಡಿಯ ಮಾದರಿಯ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸರಿಯಿರುವುದು ಹೇಗಿರುತ್ತದೆ ಎಂದು ಗೊತ್ತಿದ್ದವರಿಗಷ್ಟೇ ಕೆಟ್ಟದ್ದು ಬೇಗ ಕಣ್ಣಿಗೆ ಬೀಳುತ್ತದೆ.