ಹಳೆಯ ಗಾಯವನ್ನು ಕರ್ತನು ಮಾಯಿಸುವ ರೀತಿ

ಪಾಠಭಾಗ: ಆದಿಕಾಂಡ 37, 41ರಿಂದ 45, 50:15-21

ಪ್ರಿಯರೇ, ಗಾಯದ ಮೇಲೆ ಚರ್ಮ ಕೂಡಿಕೊಂಡರೂ ಒಳಗೆ ಕೀವು ಉಳಿದಿದ್ದರೆ ಅದು ಮಾಯುವದಿಲ್ಲವೆಂಬದನ್ನು ನಾವೆಲ್ಲರೂ ಬಲ್ಲೆವು. ಮನಸ್ಸಿನ ಗಾಯವೂ ಹಾಗೆಯೇ. ಹೊಲದ ಬದುವಿನ ನಿಮಿತ್ತ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ದೇವಾಲಯದಲ್ಲಿ ಕೂತು, ಒಬ್ಬರ ಮುಖವನ್ನೊಬ್ಬರು ನೋಡದೆ ಮನೆಗೆ ಹೋಗುವದುಂಟು. ಇಂಥವರಿಗೆ ಮರೆತುಬಿಡಿರೆಂದು ಹೇಳುವದು ಸುಲಭ. ದೇವರ ವಾಕ್ಯವಾದರೋ ಅದಕ್ಕಿಂತ ಆಳವಾದ ಮದ್ದನ್ನು ಯೋಸೇಫನ ಚರಿತ್ರೆಯಲ್ಲಿ ತೋರಿಸುತ್ತದೆ.

1. ಗಾಯವು ನಿಜವಾದದ್ದು. ಯೋಸೇಫನು 17 ವರುಷದವನಾಗಿದ್ದಾಗ ಅಣ್ಣಂದಿರೇ ಅವನನ್ನು ಗುಂಡಿಗೆ ಹಾಕಿ, ಬಳಿಕ 20 ಬೆಳ್ಳಿ ನಾಣ್ಯಗಳಿಗೆ ಮಾರಿದರು. ಮಾರೋಣವೆಂದು ಆಲೋಚನೆ ಹೇಳಿದವನು ಯೆಹೂದನು. ಐಗುಪ್ತದಲ್ಲಿ ದಾಸತ್ವ, ಸುಳ್ಳು ಅಪವಾದ, ಸೆರೆಮನೆ ಇವೆಲ್ಲವನ್ನು ಅನುಭವಿಸಿ, 30 ವರುಷದವನಾದಾಗ ಅವನು ಫರೋಹನ ಮುಂದೆ ನಿಂತನು. ಮರೆಯುವಂತೆ ಮಾಡುವವನು ಎಂಬರ್ಥದಿಂದ ಚೊಚ್ಚಲ ಮಗನಿಗೆ ಮನಸ್ಸೆ ಎಂದು ಹೆಸರಿಟ್ಟನು. ಆದರೂ ಬರಗಾಲದಲ್ಲಿ ಧಾನ್ಯಕ್ಕೆ ಬಂದ ಅಣ್ಣಂದಿರು ತಮ್ಮ ಅಪರಾಧವನ್ನು ತಮ್ಮೊಳಗೆ ಒಪ್ಪಿಕೊಂಡದ್ದನ್ನು ಕೇಳಿದಾಗ, ಅವನು ಸರಿದುಹೋಗಿ ಅತ್ತನು. ಅಳುವದು ಅವಿಶ್ವಾಸವಲ್ಲ. ನೆನಪು ಬಂದ ಮಾತ್ರಕ್ಕೆ ಕ್ಷಮೆಯು ಸುಳ್ಳಾಗುವದಿಲ್ಲ.

2. ಕೃಪೆಯ ಜೊತೆಗೆ ವಿವೇಕವಿರಬೇಕು. ಯೋಸೇಫನು ಅವರ ಚೀಲಗಳಲ್ಲಿ ಧಾನ್ಯವನ್ನು ತುಂಬಿಸಿ ಹಣವನ್ನೂ ಹಿಂದಕ್ಕೆ ಇಡಿಸಿದನು. ಆದರೆ ತಾನಾರೆಂದು ಕೂಡಲೆ ಹೇಳಲಿಲ್ಲ. ಅವರ ಮನಸ್ಸನ್ನು ಶೋಧಿಸುವದಕ್ಕಾಗಿ ತನ್ನ ಬೆಳ್ಳಿಯ ಪಾನಪಾತ್ರೆಯನ್ನು ಬೆನ್ಯಾಮೀನನ ಚೀಲದಲ್ಲಿ ಇಡಿಸಿದನು. ಆಗ, ಹಿಂದೆ ಒಬ್ಬ ತಮ್ಮನನ್ನು ಮಾರಿಸಿದ ಯೆಹೂದನೇ ಇನ್ನೊಬ್ಬ ತಮ್ಮನಿಗೆ ಬದಲಾಗಿ ತಾನು ದಾಸನಾಗುವೆನೆಂದು ಮುಂದೆ ಬಂದನು. ಯೋಸೇಫನು ಮನಸ್ಸನ್ನು ತಡೆಯಲಾರದೆ ಗಟ್ಟಿಯಾಗಿ ಅತ್ತು ತನ್ನನ್ನು ತಿಳಿಯಪಡಿಸಿದನು. ಕ್ಷಮಿಸುವದು ಒಂದು, ಪುನಃ ನಂಬುವದು ಇನ್ನೊಂದು. ಮೊದಲನೆಯದನ್ನು ದೇವರ ಮುಂದೆ ಇಂದೇ ಮಾಡಬಹುದು; ಎರಡನೆಯದಕ್ಕೆ ಮಾನಸಾಂತರದ ಫಲ ಕಾಣಬೇಕು. ಹೊಡೆಯುವ ಗಂಡನ ಬಳಿಗೆ ಹೆಂಡತಿಯನ್ನು ಕ್ಷಮೆಯ ಹೆಸರಿನಲ್ಲಿ ಹಿಂದಕ್ಕೆ ಕಳುಹಿಸುವ ಸಭೆಯ ಹಿರಿಯರು ಇದನ್ನು ಆಲೋಚಿಸಲಿ.

3. ನ್ಯಾಯಾಸನವು ದೇವರದು. ಯಾಕೋಬನು ಐಗುಪ್ತದಲ್ಲಿ 17 ವರುಷ ಬದುಕಿ ತೀರಿಹೋದನು. ಅಷ್ಟು ಕಾಲ ಯೋಸೇಫನ ಅನ್ನವನ್ನುಂಡ ಅಣ್ಣಂದಿರು, ಇನ್ನು ಮುಯ್ಯಿ ತೀರಿಸುವನೆಂದು ಹೆದರಿದರು. ಗಾಯಮಾಡಿದವರ ಗಾಯವೇ ಮಾಯದೆ ಉಳಿದಿತ್ತು! ಯೋಸೇಫನು ಅತ್ತು, ತಾನು ದೇವರ ಸ್ಥಾನದಲ್ಲಿರುವವನಲ್ಲವೆಂದು ಹೇಳಿದನು. ಅವರು ಮಾಡಿದ ಕೇಡನ್ನು ಕೇಡೆಂದೇ ಕರೆದನು. ಆದರೆ ದೇವರು ಅದರಿಂದಲೇ ಬಹುಜನರ ಪ್ರಾಣವನ್ನು ಉಳಿಸಿದನೆಂದು ಸಾಕ್ಷಿಕೊಟ್ಟು, ಅವರನ್ನೂ ಅವರ ಮಕ್ಕಳನ್ನೂ ಸಾಕುವೆನೆಂದು ಮಾತುಕೊಟ್ಟನು. ತೀರ್ಪಿನ ಹೊರೆಯನ್ನು ದೇವರ ಪಾದದಲ್ಲಿ ಇಳಿಸಿದ ಕೈಯೇ ವೈರಿಗೆ ಅನ್ನ ಬಡಿಸಬಲ್ಲದು.

ನಮ್ಮ ಕರ್ತನು ಸಮಾಧಿಯಿಂದ ಎದ್ದ ಮೇಲೆಯೂ ಆತನ ಕೈಗಳಲ್ಲಿ ಮೊಳೆಗಳ ಗುರುತು ಇತ್ತು. ತನ್ನನ್ನು ಬಿಟ್ಟು ಓಡಿದ ಶಿಷ್ಯರಿಗೆ ಆತನು ಆ ಕೈಗಳನ್ನೇ ತೋರಿಸಿ ಸಮಾಧಾನವನ್ನು ನುಡಿದನು. ಗುರುತು ಉಳಿಯಬಹುದು, ಕೀವು ಉಳಿಯಬೇಕಾಗಿಲ್ಲ.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು:
1. ಯೋಸೇಫನು ಅಣ್ಣಂದಿರನ್ನು ಶೋಧಿಸಿದ್ದೇಕೆ?
2. ನಾವು ಯಾರ ಮೇಲೆ ಇನ್ನೂ ನ್ಯಾಯಾಧಿಪತಿಗಳಾಗಿ ಕೂತಿದ್ದೇವೆ?
3. ನಮ್ಮಿಂದ ನೊಂದು, ನಮ್ಮ ತಪ್ಪೊಪ್ಪಿಗೆಗಾಗಿ ಕಾದಿರುವವರು ಯಾರು? ಬರುವ ಭಾನುವಾರದೊಳಗೆ ಅವರ ಮನೆಯ ಬಾಗಿಲಿಗೆ ಹೋಗೋಣ.