ತಲೆಗೆ ಕಟ್ಟುವ ದೀಪ: ಕೊಳ್ಳುವ ಮುನ್ನ ತಿಳಿದಿರಬೇಕಾದುದು

ಕತ್ತಲಲ್ಲಿ ದುಡಿಯುವವನಿಗೆ ಎರಡು ಕೈ ಸಾಲದೆಂಬುದು ನಮ್ಮ ಕಾಸರಗೋಡಿನ ಕೃಷಿಕರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಹಿಂದೆ ತೆಂಗಿನ ಮಡಲಿನ ಸೂಟೆ ಬೀಸುತ್ತ ದಾರಿ ನಡೆಯುತ್ತಿದ್ದರು. ಬಳಿಕ ಲಾಟೀನು ಬಂತು, ಮೂರು ಸೆಲ್ಲಿನ ಟಾರ್ಚು ಬಂತು. ಬೆಳಕು ಹೆಚ್ಚಿತೇ ಹೊರತು ಕೈ ಬಿಡುಗಡೆಯಾಗಲಿಲ್ಲ. ನಡುರಾತ್ರಿಯಲ್ಲಿ ದನ ಕರು ಹಾಕುವಾಗ ದೀಪ ಹಿಡಿಯಲೆಂದೇ ಒಬ್ಬ ಹುಡುಗನನ್ನು ಎಬ್ಬಿಸಬೇಕು. ಅವನು ತೂಕಡಿಸಿದಂತೆ ಬೆಳಕೂ ತೂಕಡಿಸುತ್ತದೆ. ಪಂಪು ನಿಂತಿತೆಂದು ಕೆರೆಯ ಬದಿಗೆ ಓಡಿದವನು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಟ್ಟು ಬಿಗಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ, ಮಾಡಿಯೂ ಇದ್ದೇವೆ.

ತಲೆಗೆ ಪಟ್ಟಿಯಿಂದ ಕಟ್ಟಿಕೊಳ್ಳುವ ದೀಪ ಗಣಿ ಕೆಲಸದವರಲ್ಲಿ ಬಹುಕಾಲದಿಂದ ಇದ್ದ ವಸ್ತು. ಆದರೆ ಹಳೆಯ ಬಲ್ಬು ತಿನ್ನುವ ವಿದ್ಯುತ್ತು ಹೆಚ್ಚು, ಕೊಡುವ ಬೆಳಕು ಕಡಿಮೆ. ಅದಕ್ಕೆ ಸೊಂಟದಲ್ಲಿ ಭಾರವಾದ ಬ್ಯಾಟರಿ ಬೇಕಾಗುತ್ತಿತ್ತು. ಎಲ್‌ಇಡಿ ಬಂದ ಮೇಲೆ ಲೆಕ್ಕ ಬದಲಾಯಿತು. ಬಿಳಿ ಎಲ್‌ಇಡಿಗೆ ದಾರಿ ಮಾಡಿಕೊಟ್ಟ ನೀಲಿ ಎಲ್‌ಇಡಿಯ ಸಂಶೋಧನೆಗಾಗಿ ಅಕಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಈಗ ಪೇಟೆಯಲ್ಲಿ ಮುನ್ನೂರು ರೂಪಾಯಿಯ ದೀಪವೂ ಇದೆ, ಎರಡು ಸಾವಿರಕ್ಕೆ ಮೀರಿದ್ದೂ ಇದೆ. ಪೆಟ್ಟಿಗೆಯ ಮೇಲೆ ಬರೆದ ಅಂಕೆಗಳನ್ನು ನೋಡಿದರೆ ಮುನ್ನೂರರದ್ದೇ ಹೆಚ್ಚು ಪ್ರಬಲವೆಂದು ತೋರುತ್ತದೆ! ಮೋಸವಾಗುವುದು ಅಲ್ಲಿಯೇ. ಆದುದರಿಂದ ಆ ಅಂಕೆಗಳನ್ನು ಓದುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಅದಕ್ಕೂ ಮೊದಲು, ದೀಪ ಯಾವ ಕೆಲಸಕ್ಕೆಂದು ನಿಶ್ಚಯಿಸಿಕೊಳ್ಳಬೇಕು. ನಮ್ಮ ಕಡೆ ಇದರ ಉಪಯೋಗ ಹೆಚ್ಚಾಗಿರುವುದು ರಬ್ಬರ್ ಟ್ಯಾಪಿಂಗಿಗೆ. ಸೂರ್ಯ ಏರಿದಂತೆ ಎಲೆಗಳಿಂದ ನೀರು ಆವಿಯಾಗಿ, ತೊಗಟೆಯೊಳಗಿನ ಹಾಲಿನ ನಾಳಗಳ ಒತ್ತಡ ತಗ್ಗುತ್ತದೆ, ಹಾಲು ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಟ್ಯಾಪಿಂಗಿನವರು ನಸುಕಿಗೂ ಮೊದಲೇ ತೋಟಕ್ಕಿಳಿಯುವುದು. ಒಬ್ಬನು ಒಂದು ಬೆಳಗ್ಗೆ ಸುಮಾರು 300 ಮರಗಳನ್ನು ಮುಗಿಸಬೇಕು. ಪ್ರತಿ ಮರದಲ್ಲಿಯೂ ಕತ್ತಿ ತೆಗೆಯುವ ತೊಗಟೆ ಒಂದೂವರೆ ಮಿಲಿಮೀಟರಿನಷ್ಟು. ಒಳಗಿನ ಬೆಳೆಯುವ ಪದರಕ್ಕೆ ತಾಗದಂತೆ ಸುಮಾರು ಒಂದು ಮಿಲಿಮೀಟರ್ ತೊಗಟೆಯನ್ನು ಉಳಿಸಬೇಕು. ಕತ್ತಿ ಅದನ್ನೂ ಮೀರಿ ಒಳಹೋದರೆ ಮರಕ್ಕೆ ಗಾಯ. ಗಾಯವಾದಲ್ಲಿ ಹೊಸ ತೊಗಟೆ ಗಂಟು ಗಂಟಾಗಿ ಬೆಳೆಯುತ್ತದೆ. ಮುಂದೆ ಆ ಭಾಗದಲ್ಲಿ ಮತ್ತೆ ಟ್ಯಾಪಿಂಗ್ ಮಾಡುವುದು ಕಷ್ಟ. ಇಪ್ಪತ್ತು ವರ್ಷ ಹಾಲು ಕೊಡಬೇಕಾದ ಮರ ಒಂದು ಕೆಟ್ಟ ದೀಪದ ದೆಸೆಯಿಂದ ಹಾಳಾಗಬಹುದೆಂದರೆ ಅದು ಹೆಚ್ಚಿಸಿ ಹೇಳಿದ ಮಾತಲ್ಲ.

ಈ ಕೆಲಸಕ್ಕೆ ಬೇಕಾದುದು ದೂರ ಹೋಗುವ ಬೆಳಕಲ್ಲ. ಒಂದು ತೋಳಿನ ದೂರದಲ್ಲಿ ಅಗಲವಾಗಿ, ಒಂದೇ ಸಮನಾಗಿ ಹರಡುವ ಬೆಳಕು. ಬೆಳಕಿನ ಅಳತೆಗೆ ಲ್ಯೂಮೆನ್ ಎನ್ನುತ್ತಾರೆ. ಹತ್ತಿರದ ಕೆಲಸಕ್ಕೆ 50ರಿಂದ 100 ಲ್ಯೂಮೆನ್ ಧಾರಾಳ. ಅದಕ್ಕಿಂತ ಹೆಚ್ಚಾದರೆ ಒದ್ದೆ ತೊಗಟೆಯೂ ಬಿಳಿಯ ಹಾಲೂ ಥಳಥಳಿಸಿ ಕಣ್ಣು ಕೋರೈಸುತ್ತವೆ. ಅಂಗಡಿಯಲ್ಲಿ ಪರೀಕ್ಷಿಸುವ ಬಗೆ ಸುಲಭ. ದೀಪವನ್ನು ಬಿಳಿ ಗೋಡೆಗೆ ಒಂದು ತೋಳಿನ ದೂರದಲ್ಲಿ ಹಿಡಿಯಿರಿ. ನಡುವೆ ಉರಿಯುವ ಒಂದು ಚುಕ್ಕಿ, ಸುತ್ತ ಕಪ್ಪು ಬಳೆ ಕಂಡರೆ ಅಂಥದ್ದು ಟ್ಯಾಪಿಂಗಿಗೆ ಬೇಡ. ಬೆಳಕಿನ ಬಣ್ಣ ನೀಲಿ ಛಾಯೆಯ ಬಿಳಿಗಿಂತ ತುಸು ಹಳದಿಯಾಗಿರುವುದು ಒಳ್ಳೆಯದು. ಹುಳುಗಳು ಅಷ್ಟಾಗಿ ಮುತ್ತುವುದಿಲ್ಲ. ಮಳೆಗಾಲದ ಮೊದಲ ವಾರಗಳಲ್ಲಿ ಹಣೆಗೆ ದೀಪ ಕಟ್ಟಿಕೊಂಡವನ ಮೂಗು ಬಾಯಿಗೆ ನುಗ್ಗುವ ಹುಳುಗಳನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ದಾರಿ ನಡೆಯುವವನ ಅಗತ್ಯ ಬೇರೆ. ಕಾರಡ್ಕ, ಮುಳಿಯಾರು, ದೇಲಂಪಾಡಿಗಳಲ್ಲಿ ಕಾಡಾನೆಗಳು ತೋಟಕ್ಕಿಳಿಯುವುದುಂಟು. ಹಂದಿಯ ಕಾಟ ಎಲ್ಲೆಡೆಯೂ ಇದೆ. ತೋಟದ ತಿರುವಿನಾಚೆ ಏನು ನಿಂತಿದೆಯೆಂದು ಅರುವತ್ತು ಹೆಜ್ಜೆ ಮೊದಲೇ ಕಾಣಬೇಕಾದರೆ ನೇರವಾಗಿ ದೂರಕ್ಕೆ ಎಸೆಯುವ ಬೆಳಕೇ ಬೇಕು. ಇಲ್ಲೊಂದು ನಿಯಮವನ್ನು ನೆನಪಿಡಬೇಕು. ದೂರ ಎರಡರಷ್ಟಾಗಬೇಕಾದರೆ ಬೆಳಕು ನಾಲ್ಕರಷ್ಟಾಗಬೇಕು. ಇನ್ನೊಂದು ಮಾತು: ಪೆಟ್ಟಿಗೆಯ ಮೇಲೆ ‘100 ಮೀಟರ್’ ಎಂದು ಬರೆದಿದ್ದರೆ, ಅಳತೆಯ ಕ್ರಮದ ಪ್ರಕಾರ, ನೂರು ಮೀಟರಿನಾಚೆ ಬೀಳುವ ಬೆಳಕು ಹುಣ್ಣಿಮೆಯ ಬೆಳದಿಂಗಳಿನಷ್ಟೇ ಎಂದು ಅರ್ಥ. ಬೆಳದಿಂಗಳಲ್ಲಿ ನಿಂತ ಹಂದಿಯನ್ನೂ ಬುಡ ಕಡಿದ ಮರದ ಕುತ್ತಿಯನ್ನೂ ಬೇರೆ ಬೇರೆಯೆಂದು ಗುರುತಿಸುವುದು ಸುಲಭವಲ್ಲ. ಚೆನ್ನಾಗಿ ಕಾಣುವ ದೂರ ಅದರ ಕಾಲು ಪಾಲೆಂದು ಇಟ್ಟುಕೊಂಡರೆ ಮೋಸವಿಲ್ಲ. ಅಗಲದ ಬೆಳಕು, ಎಸೆಯುವ ಬೆಳಕು ಎರಡೂ ಬೇರೆ ಬೇರೆ ಬಲ್ಬುಗಳಲ್ಲಿ ಇರುವ ದೀಪ ನಮ್ಮ ಕೆಲಸಗಳಿಗೆ ಎಲ್ಲಕ್ಕಿಂತ ಹೊಂದುವಂಥದ್ದು. ಗಾಜನ್ನು ಮುಂದೆ ಹಿಂದೆ ಎಳೆದು ಬೆಳಕನ್ನು ಕಿರಿದು ಹಿರಿದು ಮಾಡುವ ಬಗೆಯದು ಅಗ್ಗವಾದರೂ ಎಳೆಯುವ ಸಂದಿನಲ್ಲಿ ನೀರಿಳಿಯುತ್ತದೆ. ನಾನು ಕೊಂಡ ಮೊದಲನೆಯ ದೀಪ ಇದೇ ಜಾತಿಯದು. ಆಟಿ ತಿಂಗಳು ಕಾಣದೆ ತೀರಿಕೊಂಡಿತು.

ಹಣೆಯ ದೀಪದಲ್ಲಿ ಒಂದು ಸಹಜವಾದ ಕೊರತೆಯಿದೆ, ಮಾರುವವರು ಅದನ್ನು ಹೇಳುವುದಿಲ್ಲ. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ವಸ್ತುಗಳ ನೆರಳು ಅವುಗಳ ಹಿಂದೆಯೇ ಅಡಗುತ್ತದೆ. ನೆಲ ಚಪ್ಪಟೆಯಾಗಿ ಕಾಣುತ್ತದೆ. ತಗ್ಗು, ಕಲ್ಲು, ತರಗೆಲೆಯ ಮೇಲೆ ಸುರುಳಿ ಸುತ್ತಿದ ಕೊಳಕುಮಂಡಲ, ಯಾವುದೂ ಎದ್ದು ತೋರುವುದಿಲ್ಲ. ಅದೇ ಬೆಳಕನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ನೆರಳು ಉದ್ದವಾಗಿ ಬಿದ್ದು ಒಂದು ಕಡ್ಡಿಯೂ ಕಾಣುತ್ತದೆ. ಆದುದರಿಂದ ನಡೆಯುವಾಗ ದೀಪವನ್ನು ತಲೆಯಿಂದ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಅಥವಾ ಕೈಯಲ್ಲಿ ತಗ್ಗಿಸಿ ಹಿಡಿಯಬೇಕು. ಕೆಲಸದ ಮರದ ಬುಡಕ್ಕೆ ಬಂದಮೇಲೆ ತಲೆಗೇರಿಸಿದರೆ ಸಾಕು. ಮಂಜು ಕವಿದ ದಿನಗಳಲ್ಲಿಯೂ ಇದೇ ಕ್ರಮ. ಹಣೆಯ ಬೆಳಕು ಮಂಜಿಗೆ ತಾಗಿ ಕಣ್ಣಿಗೇ ಮರಳುತ್ತದೆ.

ಇನ್ನು ಬ್ಯಾಟರಿಯ ಲೆಕ್ಕ. ಈಗಿನ ದೀಪಗಳಲ್ಲಿ ಹೆಚ್ಚಾಗಿ ಇರುವುದು ಲಿಥಿಯಂ ಸೆಲ್ಲು. ಅದರಲ್ಲಿ 18650 ಎಂಬುದು ಬಹಳ ಬಳಕೆಯಲ್ಲಿರುವ ಅಳತೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಸೆಲ್ಲಿನ ಮೇಲೆ ‘ಎಂಎಎಚ್’ ಎಂದು ಒಂದು ಅಂಕೆ ಇರುತ್ತದೆ. ಅದನ್ನು ಸಾವಿರದಿಂದ ಭಾಗಿಸಿ 3.7ರಿಂದ ಗುಣಿಸಿದರೆ ಸೆಲ್ಲು ಎಷ್ಟು ವ್ಯಾಟ್-ಗಂಟೆ ಕೊಡುತ್ತದೆಂದು ಸಿಗುತ್ತದೆ. 2500 ಎಂದಿದ್ದರೆ, 2.5ನ್ನು 3.7ರಿಂದ ಗುಣಿಸಿ, ಸುಮಾರು 9. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ. ಎಂದರೆ 100 ಲ್ಯೂಮೆನಿನಲ್ಲಿ ಎಂಟು ಗಂಟೆಯ ಹತ್ತಿರ, 300 ಲ್ಯೂಮೆನಿನಲ್ಲಿ ಮೂರು ಗಂಟೆಗೂ ಕಡಿಮೆ. ಬೆಳಗ್ಗೆ ನಾಲ್ಕರಿಂದ ಎಂಟರವರೆಗೆ ಟ್ಯಾಪಿಂಗ್ ಮಾಡುವವನಿಗೆ ಇಂಥ ಒಂದು ಸೆಲ್ಲು ಎರಡು ಬೆಳಗಿಗೆ ಬರುತ್ತದೆ.

ಈ ಲೆಕ್ಕವನ್ನು ಕೈಯಲ್ಲಿಟ್ಟುಕೊಂಡು ಅಂಗಡಿಗೆ ಹೋಗಿರಿ. ‘1000 ಲ್ಯೂಮೆನ್, 8 ಗಂಟೆ, ಒಂದು ಸೆಲ್ಲು’ ಎಂದು ಬರೆದಿದ್ದರೆ ಅದಕ್ಕೆ 80 ವ್ಯಾಟ್-ಗಂಟೆ ಬೇಕು. 18650 ಅಳತೆಯ ಉತ್ತಮ ಸೆಲ್ಲಿನಲ್ಲಿಯೂ ಇರುವುದು ಹದಿಮೂರರ ಆಸುಪಾಸು. ‘10,000 ಲ್ಯೂಮೆನ್’ ಎಂದಿರುವುದು ನಿಜವಾಗಿದ್ದರೆ ಹಣೆಯ ಮೇಲೆ 100 ವ್ಯಾಟಿನ ಒಲೆ ಉರಿಸಿದಂತಾಗುತ್ತಿತ್ತು; ಸದ್ಯ, ಅದು ಸುಳ್ಳು. ಸೆಲ್ಲಿನ ಮೇಲೆ 9900 ಎಂಎಎಚ್ ಎಂದಿದ್ದರೂ ಹಾಗೆಯೇ. ಈ ಅಳತೆಯ ಒಳ್ಳೆಯ ಸೆಲ್ಲುಗಳು 3500ರ ಸುತ್ತಮುತ್ತ ನಿಲ್ಲುತ್ತವೆ. ತೂಗಿ ನೋಡುವುದೂ ಒಂದು ಪರೀಕ್ಷೆ. ಸರಿಯಾದ ಸೆಲ್ಲು 45 ಗ್ರಾಮಿನ ಆಚೀಚೆ ತೂಗುತ್ತದೆ; ತೀರ ಹಗುರವಾಗಿದ್ದರೆ ಒಳಗೆ ಏನೋ ಕಡಿಮೆಯಿದೆ. ಲಿಥಿಯಂ ಸೆಲ್ಲಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತೂ ‘ಆರ್’ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಮನೆಯ ಮಕ್ಕಳ ಫೋನಿನಲ್ಲಿ ‘ಬಿಐಎಸ್ ಕೇರ್’ ಎಂಬುದನ್ನು ಹಾಕಿಸಿ ಆ ಸಂಖ್ಯೆ ಯಾರದೆಂದು ನೋಡಬಹುದು.

‘ಇಷ್ಟು ಗಂಟೆ ಉರಿಯುತ್ತದೆ’ ಎಂಬ ಮಾತನ್ನೂ ಹಾಗೆಯೇ ನಂಬಬಾರದು. ಬೆಳಕು ಮೊದಲಿನ ಹತ್ತನೆಯ ಒಂದು ಪಾಲಿಗೆ ಇಳಿಯುವವರೆಗಿನ ಹೊತ್ತನ್ನು ಅವರು ಎಣಿಸುತ್ತಾರೆ. ಅಗ್ಗದ ದೀಪಗಳು ಹೊತ್ತಿಸಿದ ಗಳಿಗೆಯಿಂದಲೇ ಮಂಕಾಗುತ್ತ ಹೋಗುತ್ತವೆ. ಕಣ್ಣು ಅದಕ್ಕೆ ಹೊಂದಿಕೊಳ್ಳುವುದರಿಂದ ನಮಗೆ ತಿಳಿಯುವುದಿಲ್ಲ, ಕತ್ತಿ ತಪ್ಪಿದಾಗ ತಿಳಿಯುತ್ತದೆ. ಕೊಂಡು ತಂದ ದಿನವೇ ಪೂರ್ತಿ ಚಾರ್ಜು ಮಾಡಿ, ಕತ್ತಲೆ ಕೋಣೆಯಲ್ಲಿ ಮೂರು ಗಂಟೆ ಉರಿಸಿ, ಅದೇ ಮನೆಯ ಬೇರೊಂದು ದೀಪದೊಡನೆ ಮೊದಲಿಗೂ ಕೊನೆಗೂ ಹೋಲಿಸಿ ನೋಡುವುದು ಲೇಸು.

ಸೆಲ್ಲು ತೆಗೆದು ಹಾಕುವಂತಿರುವ ದೀಪವನ್ನೇ ಆರಿಸಿರಿ. ಗಾಳಿಮಳೆಗೆ ಕಂಬ ಉರುಳಿ ಎರಡು ಮೂರು ದಿನ ಕರೆಂಟು ಇಲ್ಲದಿರುವುದು ನಮ್ಮಲ್ಲಿ ಅಪರೂಪವಲ್ಲ. ಇನ್ನೊಂದು ಸೆಲ್ಲು ತುಂಬಿಸಿಟ್ಟಿದ್ದರೆ ಕೆಲಸ ನಿಲ್ಲುವುದಿಲ್ಲ. ಎರಡು ಮೂರು ವರ್ಷಕ್ಕೆ ಸೆಲ್ಲು ಸತ್ತರೆ ದೀಪವನ್ನೇ ಎಸೆಯಬೇಕಾಗಿಲ್ಲ. ಯಾವ ಅಂಗಡಿಯಲ್ಲೂ ಸಿಗುವ ಪೆನ್ ಸೆಲ್ಲಿನ ದೀಪವೂ ವಿರಳವಾಗಿ ಬಳಸುವ ಮನೆಗೆ ಸಾಕು. ಆದರೆ ಬಳಸದಾಗ ಸೆಲ್ಲು ತೆಗೆದಿಡಬೇಕು, ಇಲ್ಲವಾದರೆ ಒಸರಿ ತಗಡು ತಿನ್ನುತ್ತದೆ. ಸೊಂಟಕ್ಕೆ ಕಟ್ಟುವ ಸೀಸದ ಬ್ಯಾಟರಿಯ ದೀಪ ಇರುವವರು ಅದನ್ನು ಬರಿದಾದ ಸ್ಥಿತಿಯಲ್ಲಿ ಬಿಡಬಾರದು. ಹಾಗೆ ಬಿಟ್ಟರೆ ಅದು ಮತ್ತೆ ಸರಿಯಾಗಿ ತುಂಬುವುದಿಲ್ಲ. ಬಿಡಿ ಲಿಥಿಯಂ ಸೆಲ್ಲನ್ನು ಬೀಗದ ಕೈ, ಚಿಲ್ಲರೆಗಳೊಡನೆ ಜೇಬಿನಲ್ಲಿ ಹಾಕಬಾರದು. ಎರಡು ತುದಿ ಕೂಡಿದರೆ ಬೆಂಕಿ ಹತ್ತುವ ಅಪಾಯವಿದೆ. ಉಬ್ಬಿದ ಸೆಲ್ಲನ್ನು ಚಾರ್ಜಿಗೆ ಇಡಲೇಬಾರದು.

ಮಳೆಗೆ ತಡೆಯುವ ಗುಣವನ್ನು ‘ಐಪಿಎಕ್ಸ್’ ಎಂಬ ಗುರುತು ತಿಳಿಸುತ್ತದೆ. 4 ಎಂದಿದ್ದರೆ ಎಲ್ಲ ಕಡೆಯಿಂದ ಎರಚುವ ನೀರಿಗೆ ತಡೆಯುತ್ತದೆ; 7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ವರ್ಷಕ್ಕೆ ಮೂರು ಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ನೆಲದಲ್ಲಿ 4ಕ್ಕಿಂತ ಕೆಳಗಿನದು ಬೇಡವೇ ಬೇಡ. ಚಾರ್ಜಿನ ತೂತಿಗೆ ರಬ್ಬರಿನ ಮುಚ್ಚಳ ಗಟ್ಟಿಯಾಗಿ ಕೂರುತ್ತದೆಯೇ, ಒದ್ದೆ ಕೈಯಿಂದ ಸ್ವಿಚ್ಚು ಒತ್ತಲು ಬರುತ್ತದೆಯೇ, ಆರಿಸಬೇಕಾದಾಗಲೆಲ್ಲ ಮಿಣುಕು ಬೆಳಕನ್ನು ದಾಟಿ ಹೋಗಬೇಕೇ, ಪಟ್ಟಿಯನ್ನು ತೆಗೆದು ಒಗೆಯಬಹುದೇ ಎಂಬುದನ್ನು ನಿಂತಲ್ಲೇ ನೋಡಿಕೊಳ್ಳಿರಿ. ಮುಟ್ಟಾಳೆ ಧರಿಸುವವರು ಅದನ್ನೂ ಅಂಗಡಿಗೆ ಒಯ್ಯಲಿ, ನಗುವವರು ನಗಲಿ. ಹಾಳೆಯ ಮೇಲೆ ಪಟ್ಟಿ ಜಾರುವ ದೀಪ ಎಷ್ಟು ಒಳ್ಳೆಯದಾದರೇನು?

ಕೊನೆಯದಾಗಿ ಸುರಂಗದ ವಿಷಯ. ಬಾಯಾರು ಮೊದಲಾದೆಡೆ ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳಿಗೆ ಹೂಳು ತೆಗೆಯಲು ಈಗ ತಲೆದೀಪ ಕಟ್ಟಿಕೊಂಡು ಇಳಿಯುವವರಿದ್ದಾರೆ. ಗುದ್ದಲಿ ಹಿಡಿಯಲು ಎರಡೂ ಕೈ ದೊರೆತುದು ಒಳ್ಳೆಯದೇ. ಆದರೆ ಹಿಂದಿನವರು ಒಳಗೆ ಮೇಣದ ಬತ್ತಿಯನ್ನು ಒಯ್ಯುತ್ತಿದ್ದುದು ಬೆಳಕಿಗೆ ಮಾತ್ರವಲ್ಲ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. ಅದು 16ರ ಹತ್ತಿರಕ್ಕೆ ಇಳಿದಾಗ ಬತ್ತಿ ನಂದುತ್ತದೆ, ಮನುಷ್ಯ ಇನ್ನೂ ಹೊರಕ್ಕೆ ನಡೆದು ಬರಬಲ್ಲ. ಎಲ್‌ಇಡಿ ದೀಪಕ್ಕೆ ಗಾಳಿಯ ಹಂಗಿಲ್ಲ. ಉಸಿರು ನಿಂತವನ ಹಣೆಯ ಮೇಲೂ ಅದು ಅಷ್ಟೇ ಚೆನ್ನಾಗಿ ಉರಿಯುತ್ತಿರುತ್ತದೆ. ಆದ್ದರಿಂದ ಸುರಂಗಕ್ಕೂ ಬಹುಕಾಲ ಮುಚ್ಚಿದ್ದ ಬಾವಿಗೂ ಇಳಿಯುವಾಗ ತಲೆದೀಪದ ಜೊತೆಗೆ ಬತ್ತಿಯೂ ಮುಂದೆ ಹೋಗತಕ್ಕದ್ದು. ಬತ್ತಿ ಮಂಕಾದೊಡನೆ ಹಿಂದಿರುಗಬೇಕು. ಬಾಯಲ್ಲಿ ಒಬ್ಬನು ನಿಂತು ಮಾತನಾಡಿಸುತ್ತಿರಬೇಕು. ಎಂಜಿನ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಿದಲ್ಲಿ ಬತ್ತಿಯನ್ನೂ ನಂಬುವಂತಿಲ್ಲ. ಆ ಹೊಗೆಯಲ್ಲಿರುವ ವಿಷಾನಿಲ ಬತ್ತಿಯನ್ನು ನಂದಿಸದೆಯೇ ಮನುಷ್ಯನನ್ನು ಕೊಲ್ಲುತ್ತದೆ. ಅಂಥ ಬಾವಿಗೆ ಇಳಿಯಲೇಬಾರದು.

ಬಿಲ್ಲನ್ನು ಕೇಳಿ ಪಡೆಯಿರಿ. ಗ್ಯಾರಂಟಿ ಸಾಮಾನ್ಯವಾಗಿ ಕೊಂಡ ಅಂಗಡಿಯಲ್ಲೇ ನಡೆಯುವುದು. ಮಂಗಳೂರಿನಲ್ಲಿ ಐವತ್ತು ರೂಪಾಯಿ ಅಗ್ಗವೆಂದು ಕೊಂಡರೆ, ಕೆಟ್ಟಾಗ ತಲಪಾಡಿ ದಾಟಿ ಹೋಗಿಬರುವ ಬಸ್ಸಿನ ಖರ್ಚನ್ನೂ ಅದಕ್ಕೆ ಕೂಡಿಸಿ ನೋಡಬೇಕು.